ಮೆಕ್ಸಿಕೋದ ವಹಾಕಾ ಸಂತೆಯ ಹೂವಿನಮ್ಮನಿಗೆ

ಹೆಸರು ಗೊತ್ತಿಲ್ಲದ ಒಬ್ಬರಿಗೆ ಥ್ಯಾಂಕ್ಸ್ ಹೇಳಬೇಕಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ತೀರಿಕೊಂಡ ಮೇಲೆ ಬಂದ ಮೊದಲ ಸತ್ತವರ ಹಬ್ಬ. ಮೆಕ್ಸಿಕೋದಲ್ಲಿ ನವೆಂಬರ್ 1 ತೀರಿಹೋದ ಮಕ್ಕಳಿಗೆ, 2 ದೊಡ್ಡವರಿಗೆ. ಎಡೆ ಇಟ್ಟರೆ ಅವರು ಮನೆಗೆ ಬಂದು ಹೋಗುತ್ತಾರೆ ಅಂತ ನಂಬಿಕೆ. ಪ್ರತಿ ವರ್ಷ ಎಲ್ಲ ಅತ್ತೆಯೇ ಮಾಡುತ್ತಿದ್ದರು. ಈ ಸಲ ಗಂಡನಿಗೆ ದುಃಖದಲ್ಲಿ ಕೈಯೇ ಆಡುತ್ತಿರಲಿಲ್ಲ, ಮೈಸೂರಿನ ಸೊಸೆ ನಾನು ಸಂಜೆ ಸಂತೆಗೆ ಓಡಿದರೆ ಎಲ್ಲಿ ನೋಡಿದರೂ ಚೆಂಡುಹೂವು ಖಾಲಿ. (ನಮ್ಮ ದಸರಾದ ಚೆಂಡುಹೂವಿನ ತವರೂ ಈ ದೇಶವೇ.)

ಅಂಗಡಿ ಮುಚ್ಚುತ್ತಿದ್ದ ಹೂವಿನಮ್ಮ ನನ್ನ ಮುಖ ನೋಡಿ, "ಯಾರಿಗೆ, ಮಗಳೇ?" ಅಂದರು. ಅತ್ತೆಗೆ ಅಂದೆ. ತಮ್ಮ ಮನೆಗೆಂದು ಎತ್ತಿಟ್ಟಿದ್ದ ಕಟ್ಟು ಬಿಚ್ಚಿ ಅರ್ಧ ಕೊಟ್ಟರು. "ಅವರಿಗೆ ಏನು ಇಷ್ಟ?"

ಚಾಕೊಲೇಟ್. ಬಿಸಿನೀರಿಗೆ ಹಾಕಿ, ಮರದ ಕಡಗೋಲಲ್ಲಿ ನೊರೆ ಬರೋ ತನಕ ಕಡೆದು, ಮೊಮ್ಮಕ್ಕಳಿಗೆಲ್ಲ ಕೊಟ್ಟು ಕೊನೆಗೆ ತಾವು ಕುಡಿಯುತ್ತಿದ್ದರು ಅಂತ ಹೇಳುತ್ತಾ ನನ್ನ ಗಂಟಲು ಕಟ್ಟಿಬಿಟ್ಟಿತು. ಅವರು ನನ್ನ ಕೈ ಹಿಡಿದು ಸುಮ್ನೆ ನಿಂತರು. ಆಮೇಲೆ ಎಸಳು ಕಿತ್ತು ನೆಲಕ್ಕೆ ಉದುರಿಸಿ ತೋರಿಸಿದರು: ಬಾಗಿಲಿಂದ ಎಡೆಯ ತನಕ ಹೀಗೆ ಹಾಕು, ಅವರಿಗೆ ದಾರಿ. ಒಂದು ಲೋಟ ನೀರು, ಚೂರು ಉಪ್ಪು ಇಡು. ಕೋಪಾಲ್ ಧೂಪದ ತುಂಡನ್ನು ಪೇಪರಲ್ಲಿ ಸುತ್ತಿ ಚೀಲಕ್ಕೆ ಹಾಕಿದರು, ಅದಕ್ಕೆ ದುಡ್ಡೇ ತಗೊಳ್ಳಲಿಲ್ಲ.

ಮನೆಗೆ ಬರುವಷ್ಟರಲ್ಲಿ ಎದೆ ಹಗುರಾಗಿತ್ತು. ಮಕ್ಕಳೇ ಎಸಳು ಹಾಕಿದರು. ಚಾಕೊಲೇಟ್ ಕಡೆದಿದ್ದು ನನ್ನ ಗಂಡ. ಹೂವಿನಮ್ಮ, ನಿಮಗೆ ತುಂಬಾ ಥ್ಯಾಂಕ್ಸ್. ಮುಂದಿನ ವರ್ಷ ಮಕ್ಕಳನ್ನೂ ಕರ್ಕೊಂಡು ನಿಮ್ಮ ಅಂಗಡಿಗೇ ಬರುತ್ತೇನೆ.