ಅವರೆ ಹೊಲದ ಪ್ರಾತ್ಯಕ್ಷಿಕೆ ಯಾರಿಗಾಗಿ?

ಮಾನ್ಯ ಸಂಪಾದಕರೇ,

ಮೊನ್ನೆಯ ಜಿಲ್ಲಾ ಪುಟದಲ್ಲಿ ‘ಅವರೆಗೆ ಕಾಯಿಕೊರಕ: ರೈತರಿಗೆ ಆತಂಕ ಬೇಡ’ ಎಂಬ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋಟೊದಲ್ಲಿ ಕೃಷಿ ಇಲಾಖೆಯ ಸಾಹೇಬರು ಮೋಹಕ ಬಲೆ ಕಟ್ಟುತ್ತಿದ್ದಾರಲ್ಲ, ಅದು ನೇತಾಡುತ್ತಿರುವುದು ನಮ್ಮ ಪಕ್ಕದ ಹೊಲದಲ್ಲೇ. ಜೀಪು ಹೋದ ಮೇಲೆ ಬಗ್ಗಿ ನೋಡಿದೆವು. ಮುಚ್ಚಳದ ಕೆಳಗೆ ಸಿಕ್ಕಿಸಬೇಕಾದ, ಹೆಣ್ಣು ಪತಂಗದ ವಾಸನೆ ಬೀರುವ ಲ್ಯೂರೇ ಇಲ್ಲ! ಹೆಣ್ಣಿನ ವಾಸನೆಯೇ ಇಲ್ಲದ ಬಲೆಗೆ ಗಂಡು ಪತಂಗ ಯಾಕೆ ಬರಬೇಕು, ಸಾಹೇಬರ ಭಾಷಣ ಕೇಳಲಿಕ್ಕಾ?

ಕೇಳಿದ್ದಕ್ಕೆ ‘ಸ್ಟಾಕ್ ಇಲ್ಲ, ಬಂದ ಮೇಲೆ ಹಾಕಿಕೊಳ್ಳಿ’ ಎಂದರು. ಅದು ಬರುವಷ್ಟರಲ್ಲಿ ಸೊಗಡು ಅವರೆಯ ಕಾಲವೇ ಮುಗಿದಿರುತ್ತದೆ. ಹೂ ಬಿಡುವ ಹೊತ್ತಿಗೆ ಮೋಡ ಮುಚ್ಚಿಕೊಂಡರೆ ಹುಳು ಏಳುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು, ಕಚೇರಿಗೆ ಮಾತ್ರ ಪ್ರತಿ ವರ್ಷ ಹೊಸ ಸುದ್ದಿ.

ಹುಳುವಿಗೆ ರೋಗ ತಂದು ಸಾಯಿಸುವ ಎನ್‌ಪಿವಿ ನಂಜಾಣು ದ್ರಾವಣ ಸಿಂಪಡಿಸಿ ತೋರಿಸಿದ್ದಂತೂ ನಡುಮಧ್ಯಾಹ್ನದ ಬಿಸಿಲಿನಲ್ಲಿ. ಬಿಸಿಲಿಗೆ ಅದರ ಶಕ್ತಿ ಕುಂದುತ್ತದೆ, ಸಂಜೆ ಹೊಡೆಯಿರಿ ಎಂದು ಅವರೇ ಹಂಚಿದ ಕರಪತ್ರದಲ್ಲಿದೆ. ಸಂಜೆ ಫೋಟೊ ಚೆನ್ನಾಗಿ ಬರುವುದಿಲ್ಲವೇನೋ! ಅದೂ ಆ ದ್ರಾವಣ ಸಾಯಿಸುವುದು ಕಾಯಿ ಕೊರೆಯುವ ಹೆಲಿಕೋವರ್ಪಾ ಹುಳುವನ್ನು ಮಾತ್ರ. ನಮ್ಮಲ್ಲಿ ಈ ಸಲ ಹೆಚ್ಚಿರುವುದು ಹೂಗೊಂಚಲಿಗೆ ನೂಲು ಸುತ್ತಿ ಒಳಗೇ ಕೂತು ತಿನ್ನುವ ಚುಕ್ಕೆ ಹುಳು. ಗೊಂಚಲು ಬಿಡಿಸಿದರೆ ಒದ್ದೆ ಹಿಕ್ಕೆ, ಕೊಳೆತ ಹೂ, ನಡುವೆ ಮೈಮೇಲೆ ಕಪ್ಪು ಚುಕ್ಕೆಯ ಹುಳು. ಬಂದು ನೋಡಿ ಸ್ವಾಮಿ ಎಂದು ಕರೆದರೆ ಒಬ್ಬರೂ ರಸ್ತೆ ಬಿಟ್ಟು ಇಳಿಯಲಿಲ್ಲ. ಪ್ಯಾಂಟಿಗೆ ಅವರೆ ಸೊನೆ ಅಂಟಿಬಿಟ್ಟರೆ?

ಕಾಯಿ ಕೀಳುವ ಆಳುಗಳನ್ನು ನಿಲ್ಲಿಸಿ ಇವರ ಪ್ರಾತ್ಯಕ್ಷಿಕೆಗೆ ಜನ ಸೇರಿಸಿದ್ದು ನಾನು. ಕೂಲಿ ನನ್ನದು, ಕಾಫಿಯೂ ನನ್ನದೇ. ಮರುದಿನ ಮಂಡಿಯಲ್ಲಿ ವ್ಯಾಪಾರಿ ಮೂಟೆಗೆ ಕೈಹಾಕಿ ತೂತು ಬಿದ್ದ ಕಾಯಿಯನ್ನೇ ಹುಡುಕಿ ಎತ್ತಿ, ಅರ್ಧ ಬೆಲೆ ಎಂದ. ಕೊನೆಗೆ ಔಷಧಿ ಅಂಗಡಿಯೇ ಗತಿ. ಅಲ್ಲಿ ಹುಳಕ್ಕೊಂದು, ಸಸ್ಯಹೇನಿಗೊಂದು, ಹೂ ನಿಲ್ಲಲಿಕ್ಕೊಂದು ಎಂದು ಮೂರು ಬಾಟಲಿ ಕಟ್ಟಿಕೊಟ್ಟರು. ಬಿಲ್ ಇಲ್ಲ. ಹೊಡೆದ ಎಷ್ಟು ದಿನಕ್ಕೆ ಕಾಯಿ ಕೀಳಬಹುದು ಎಂದು ಹೇಳುವವರೂ ಇಲ್ಲ. ಪೇಟೆಯಲ್ಲಿ ಹಿದಕಬೇಳೆ ಸಾರು ಉಣ್ಣುವವರು ಇದನ್ನು ತಿಳಿದಿರಲಿ. 2011ರಲ್ಲಿ ಎಂಡೋಸಲ್ಫಾನ್ ಕೀಟನಾಶಕ ನಿಷೇಧವಾಯಿತು, ಒಳ್ಳೆಯದೇ ಆಯಿತು. ಆಮೇಲೆ ಏನು ಹೊಡೆಯಬೇಕು ಎಂದು ನಮಗೆ ಹೇಳಿಕೊಡುತ್ತಿರುವುದು ಮಾತ್ರ ಅಂಗಡಿಯವನೇ.

ಇಲಾಖೆಯವರ ಹಳೆಯ ಪ್ರತಾಪ ಬೇರೆ ಇದೆ. ಹೋದ ವರ್ಷ ಬೆಳೆ ಸಮೀಕ್ಷೆಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿದ್ದ ಅವರೆಯನ್ನು ಬಿಟ್ಟು ಬರೀ ರಾಗಿ ಎಂದು ಏರಿಸಿದರು. ಆಕ್ಷೇಪಣೆ ಕೊಟ್ಟರೆ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ತನ್ನಿ, ತಂದರೆ ಪಹಣಿ ಸರಿಯಿಲ್ಲ, ಪಹಣಿ ಸರಿಮಾಡಿಸಿದರೆ ಸರ್ವರ್ ಇಲ್ಲ. ಇಲಾಖೆ ಕೊಡುವ ಟಾರ್ಪಾಲಿಗೆ ಹೆಸರು ಬರೆಸಿದ್ದು ನಾವು, ಅದು ಹಾಸಿರುವುದು ಇನ್ಯಾರದೋ ಕೊಟ್ಟಿಗೆಯ ಮೇಲೆ. ಕೇಳಿದವರನ್ನೇ ‘ಇವನೊಬ್ಬ ತಕರಾರಿನವನು’ ಎನ್ನುತ್ತಾರೆ.

ಮೇಲಧಿಕಾರಿಗಳು ಕೂಡಲೇ ಲ್ಯೂರ್ ಕೊಡಿಸಬೇಕು, ಹೊಲದೊಳಗೆ ಕಾಲಿಡುವವರನ್ನು ಕಳಿಸಬೇಕು, ಸಮೀಕ್ಷೆಯನ್ನೂ ಸರಿಪಡಿಸಬೇಕು. ಇದ್ಯಾವುದೂ ಆಗದಿದ್ದರೆ ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳುವವರಿಗೆ ಕೊಂಚ ನಾಚಿಕೆಯಾದರೂ ಆಗಲಿ.

– ನೊಂದ ಅವರೆ ಬೆಳೆಗಾರ, ಕೋಲಾರ ಜಿಲ್ಲೆ