ಮಡಿಕೇರಿ ಹತ್ತಿದ ಮಾತ್ರಕ್ಕೆ ರಕ್ತ ಏರಲ್ಲ

ಸಂಪಾದಕರೇ,

ಬೇಸಿಗೆ ರಜೆ ಬಂತಂದ್ರೆ ನಮ್ ಕೊಡಗಲ್ಲಿ ಎಲ್ ನೋಡಿದ್ರೂ ಸ್ಪೋರ್ಟ್ಸ್ ಕ್ಯಾಂಪ್ ಬ್ಯಾನರ್. ಮಡಿಕೇರಿ ಕ್ಯಾಂಪಿನ ಒಂದ್ರಲ್ಲಿ 'ಹೈ ಆಲ್ಟಿಟ್ಯೂಡ್ (ಎತ್ತರದ ಜಾಗದ) ಟ್ರೈನಿಂಗ್, ಮೂರೇ ವಾರದಲ್ಲಿ ಸ್ಟ್ಯಾಮಿನಾ ಡಬಲ್' ಅಂತ ದಪ್ಪಕ್ಷರದಲ್ಲಿ ಹಾಕಿದ್ರು, ನಾನೂ ನಂಬಿ ದುಡ್ಡು ಕಟ್ಟಿ ಮಗಳನ್ನ ಕಳಿಸ್ದೆ. ಹದಿನಾರು ವರ್ಷ ಅವಳಿಗೆ, ಹಾಕಿ ಆಡ್ತಾಳೆ. ಕ್ಯಾಂಪ್ ಮುಗಿಸಿ ಬಂದೋಳು ತೋಟದ ಗೇಟಿಂದ ಮನೆವರೆಗಿನ ಏರು ಹತ್ತೋಷ್ಟರಲ್ಲಿ ಎರಡು ಸಲ ನಿಂತ್ಳು, ಸ್ಟಿಕ್ಕನ್ನ ಊರುಗೋಲು ಥರ ಊರ್ಕೊಂಡು. ಬ್ಲಡ್ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 10.6, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರ್ಸೋ ಫೆರಿಟಿನ್ ಬರೀ 8.

ಆಮೇಲೆ ಡಾಕ್ಟ್ರನ್ನ ಕೇಳಿ, ನಾನೂ ಒಂದಿಷ್ಟು ಓದಿ ತಿಳ್ಕೊಂಡಿದ್ದು ಇದು. ಎತ್ತರಕ್ಕೆ ಹೋದ್ರೆ ಗಾಳಿಯಲ್ಲಿ ಆಕ್ಸಿಜನ್ ಪಾಲು ಅದೇ ಶೇ. 21, ಆದ್ರೆ ಒತ್ತಡ ಕಮ್ಮಿ ಆಗೋದ್ರಿಂದ ರಕ್ತಕ್ಕೆ ಸಿಗೋದು ಕಮ್ಮಿ, ಅದು ಕಿಡ್ನಿಗೆ ಗೊತ್ತಾಗಿ ಇಪಿಒ ಅನ್ನೋ ಹಾರ್ಮೋನ್ ಬಿಡುತ್ತೆ, ಅದು ಮೂಳೆ ಮಜ್ಜೆಗೆ ಕೆಂಪು ಕಣ ಜಾಸ್ತಿ ಮಾಡು ಅನ್ನುತ್ತೆ. ಇಪಿಒ ಏರೋದು ಒಂದೆರಡು ದಿನದಲ್ಲೇ, ಕಣ ತಯಾರಾಗೋಕೆ ಮಾತ್ರ ವಾರಗಟ್ಟಲೆ ಬೇಕು. ಮೊದಲ ವಾರ ಹಿಮೋಗ್ಲೋಬಿನ್ ಏರಿದ ಹಾಗೆ ಕಂಡ್ರೆ ಕುಣಿಬೇಡಿ, ಅದು ರಕ್ತದ ನೀರಿನಂಶ ಕಮ್ಮಿಯಾಗಿ ಗಟ್ಟಿ ಆಗಿರೋದು ಅಷ್ಟೆ, ಸಾರು ಬತ್ತಿದ್ರೆ ಉಪ್ಪು ಜಾಸ್ತಿ ಅನ್ಸುತ್ತಲ್ಲ ಹಾಗೆ.

ಇದೆಲ್ಲ ಸರಿಯಾಗಿ ನಡೆಯೋಕೆ 2,000 ಮೀಟರಿಂದ ಮೇಲೆ ಮೂರ್ನಾಲ್ಕು ವಾರ ಇರಬೇಕು. ಕೀನ್ಯಾದ ಓಟಗಾರರ ಊರು ಇಟೆನ್ ಸುಮಾರು 2,400 ಮೀಟರ್, ಹಿಮಾಚಲದಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ನವರ ಶಿಲಾರೂ ಸೆಂಟರ್ ಕೂಡ 8,000 ಅಡಿ, ಅಂದ್ರೆ ಹೆಚ್ಚುಕಮ್ಮಿ ಅಷ್ಟೇ. ನಮ್ ಮಡಿಕೇರಿ 1,200 ಮೀಟರೂ ಇಲ್ಲ ಸ್ವಾಮಿ, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ನೆತ್ತಿ ಮೇಲೆ ಹೋಗಿ ಮಲಗಿದ್ರೂ 1,748. ತಮಾಷೆ ಏನಂದ್ರೆ 1997ರಲ್ಲಿ ಅಮೆರಿಕದಲ್ಲಿ ಓಟಗಾರರನ್ನ 2,500 ಮೀಟರಲ್ಲಿ ಉಳಿಸಿ, ಪ್ರಾಕ್ಟೀಸಿಗೆ 1,250ಕ್ಕೆ ಇಳಿಸಿ ಒಂದು ದೊಡ್ಡ ಅಧ್ಯಯನ ಮಾಡಿದ್ರು, ಅಂದ್ರೆ ನಮ್ಮ ಬ್ಯಾನರಿನ 'ಹೈ' ಅವರ ಲೆಕ್ಕದಲ್ಲಿ ಕೆಳಗೆ ಇಳಿಯೋ ಜಾಗ! ಮಡಿಕೇರಿ ತಂಪಲ್ಲಿ ಓಡೋದು ಒಳ್ಳೇದೇ, ಬೇಡ ಅನ್ನಲ್ಲ. ಹೆಸರು ಮಾತ್ರ ಸುಳ್ಳು.

ಇನ್ನೊಂದು, ನಿಜವಾದ ಎತ್ತರಕ್ಕೆ ಕಳಿಸಿದ್ರೂ ಮೈಯಲ್ಲಿ ಕಬ್ಬಿಣ ಇಲ್ದಿದ್ರೆ ಇಪಿಒ ಎಷ್ಟು ಕೂಗಿದ್ರೂ ಕಣ ಹುಟ್ಟಲ್ಲ, ಹಿಟ್ಟಿಲ್ದೆ ರೊಟ್ಟಿ ತಟ್ಟೋಕಾಗುತ್ತಾ? ಫೆರಿಟಿನ್ 30ಕ್ಕಿಂತ ಕೆಳಗಿದ್ರೆ ಮೊದಲು ಅದನ್ನ ಸರಿ ಮಾಡ್ಕೊಂಡು ಹೋಗಿ ಅಂತಾರೆ ಡಾಕ್ಟ್ರು. ಹೆಣ್ಮಕ್ಕಳಲ್ಲಂತೂ ತಿಂಗಳು ತಿಂಗಳು ರಕ್ತ ಹೋಗುತ್ತೆ, ಅದರ ಮೇಲೆ ದಿನಕ್ಕೆರಡು ಹೊತ್ತು ಪ್ರಾಕ್ಟೀಸು, ಊಟ ಅರ್ಧಂಬರ್ಧ. ಊಟ ಸಾಲದೆ ಮೈ ದಣಿದ್ರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತೆ, ಮುಟ್ಟಿಗೆ ಬೇಕಾದ ಹಾರ್ಮೋನ್ ಈಸ್ಟ್ರೋಜನ್ ಇಳಿಯುತ್ತೆ, ಮುಟ್ಟೇ ನಿಂತೋಗ್ಬಹುದು. ನನ್ ಮಗಳಿಗೆ ಎರಡು ತಿಂಗಳು ಆಗಿರ್ಲಿಲ್ವಂತೆ, ಕ್ಯಾಂಪಲ್ಲಿ ಕೇಳೋರಿಲ್ಲ, ಮನೇಲಿ ಅವಳೂ ಹೇಳಿರ್ಲಿಲ್ಲ, 'ಟ್ರೈನಿಂಗ್ ಜೋರಿದ್ರೆ ಹಂಗೇ ಆಗುತ್ತೆ ಅಂತ ಅಂದ್ಕೊಂಡೆ ಪಪ್ಪಾ' ಅಂದ್ಳು. ನಂಗೆ ಹೊಟ್ಟೆ ಚುರ್ ಅಂತು.

ತಪ್ಪು ನಮ್ದೂ ಇದೆ. ಅಕ್ಕಿ ರೊಟ್ಟಿ ಜೊತೆಗೇ ಬೆಲ್ಲದ ಕಾಫಿ, ಊಟ ಆದ ತಕ್ಷಣ ಮತ್ತೊಂದು ಲೋಟ, ಊಟದ ಜೊತೆ ಕಾಫಿ ಕುಡಿದ್ರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ ಅಂತ ಮೂವತ್ತು ವರ್ಷ ಕಾಫಿ ಬೆಳೆದ ನನಗೇ ಗೊತ್ತಿರ್ಲಿಲ್ಲ. ಈಗ ಐರನ್ ಮಾತ್ರೆ ನಿಂಬೆ ಶರಬತ್ತಿನ ಜೊತೆ, ಕಾಫಿ ಅದಾಗಿ ಒಂದೂವರೆ ಗಂಟೆಗೆ. ಈ ರೂಲ್ಸ್ ತಂದಿದ್ದಕ್ಕೆ ನಮ್ಮಮ್ಮ ನನ್ ಹತ್ರ ಸರಿಯಾಗಿ ಮಾತಾಡ್ತಿಲ್ಲ.

ಕ್ಯಾಂಪ್ ನಡೆಸೋರಲ್ಲಿ ಕೇಳೋದು ಇಷ್ಟೇ, ಫೀಸ್ ರಸೀದಿ ಬರೆಯೋಕೆ ಮುಂಚೆ ಹಿಮೋಗ್ಲೋಬಿನ್, ಫೆರಿಟಿನ್ ರಿಪೋರ್ಟ್ ಕೇಳಿ, ಹುಡುಗೀರ ಹತ್ರ ಮುಟ್ಟಿನ ವಿಷ್ಯ ಕೇಳೋಕೆ ಒಬ್ರು ಹೆಂಗಸ್ರನ್ನ ಇಡಿ, ಆ ಬ್ಯಾನರಿಂದ 'ಹೈ' ತೆಗೀರಿ.

ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು