ಹೊಸ ಮುಖ್ಯಾಧಿಕಾರಿಗಳಿಗೆ, ರೋಮ್‌ನ ನೀರುಗಂಟಿಗಳ ವಿಚಾರವಾಗಿ

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ. ನೀವು ನಮ್ಮ ಊರಿಗೆ ವರ್ಗವಾಗಿ ಬಂದು ಎರಡು ವಾರ ಆಯಿತಂತೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದಿರಬೇಕು. ಇನ್ನು ಅರ್ಜಿಗಳ ಕಾಲ. ಇದೂ ಅರ್ಜಿಯೇ, ಸ್ವಲ್ಪ ಉದ್ದ. ಕಚೇರಿಗೆ ಕೊಟ್ಟರೆ ಸೀಲು ಹೊಡೆದು ಕಪಾಟಿಗೆ ಸೇರಿಸುತ್ತಾರೆ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ಕೊನೆಯ ಬೀದಿ. ಊರಿನ ಪೈಪ್‌ಲೈನ್ ಮುಗಿಯುವುದೇ ನಮ್ಮ ಮನೆ ಮುಂದೆ. ವಾರಕ್ಕೊಮ್ಮೆ, ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಸರದಿ. ನಲ್ಲಿ ತಿರುಗಿಸಿದರೆ ಮೊದಲು ಬುಸ್ ಅಂತ ಗಾಳಿ. ಆಮೇಲೆ ಎರಡು ಸಲ ಕೆಮ್ಮು. ಆಮೇಲೆ ಊದುಬತ್ತಿಯಷ್ಟು ದಪ್ಪ ನೀರು. ಎರಡು ಕೊಡ ತುಂಬುವಷ್ಟರಲ್ಲಿ ಮೇಲಿನ ಬೀದಿಯ ಮೋಟರುಗಳು ಗುಂಯ್ ಎನ್ನುತ್ತವೆ, ನಮ್ಮ ನಲ್ಲಿ ಬಂದ್. ಹೋದ ವರ್ಷ ಚರಂಡಿಗೆಂದು ರಸ್ತೆ ಅಗೆದರು. ಮೇನ್ ಪೈಪಿನಿಂದ ಮೂರು ಸಣ್ಣ ಪೈಪುಗಳು ಮೂರು ದಿಕ್ಕಿಗೆ ಹೊರಟಿದ್ದವು. ಯಾರದ್ದು ಇದು ಅಂತ ಕೇಳಿದೆ. ಅಗೆಯುವವರು ನೋಡಿದರು, ನೀರು ಬಿಡುವವರು ನೋಡಿದರು, ಯಾರಿಗೂ ಗೊತ್ತಿಲ್ಲ. ಸಂಜೆಗೆ ಮಣ್ಣು ಮುಚ್ಚಿಯಾಯಿತು.

ಆ ಮೂರು ಪೈಪು ನೋಡಿದಾಗ ನನಗೆ ನೆನಪಾದದ್ದು ಫ್ರಾಂಟಿನಸ್. ನಗಬೇಡಿ. ಈತ ಹೆಚ್ಚು ಕಮ್ಮಿ ನಿಮ್ಮದೇ ಕೆಲಸ ಮಾಡಿದವನು. ಕ್ರಿ.ಶ. 97ರಲ್ಲಿ ರೋಮ್‌ನ ಚಕ್ರವರ್ತಿ ನರ್ವಾ ಇವನನ್ನು ನಗರದ ನೀರಿನ ಮುಖ್ಯಸ್ಥನನ್ನಾಗಿ ಮಾಡಿದ. ಆ ಹೊತ್ತಿಗಾಗಲೇ ಕಾನ್ಸಲ್, ಅಂದರೆ ರೋಮ್‌ನ ಅತಿ ದೊಡ್ಡ ಹುದ್ದೆಯ ಅಧಿಕಾರಿ, ಆಗಿದ್ದವನು, ಬ್ರಿಟನ್ ಪ್ರಾಂತ್ಯವನ್ನು ಆಳಿ ಬಂದವನು. ಅಷ್ಟು ದೊಡ್ಡ ಮನುಷ್ಯ, ನೀರಿನ ಕೆಲಸ ಎಂದು ಮೂಗು ಮುರಿಯದೆ ಕೂತು ಅದನ್ನು ಕಲಿತ. ಕಲಿತದ್ದನ್ನು ಬರೆದಿಟ್ಟ. ಅವನ ಆ ಸಣ್ಣ ಪುಸ್ತಕ ಇವತ್ತಿಗೂ ಉಳಿದಿದೆ. 1429ರಲ್ಲಿ ಮಾಂಟೆ ಕ್ಯಾಸಿನೋ ಮಠದಲ್ಲಿ ಅದರ ಪ್ರತಿ ಪೋಜಿಯೋ ಎಂಬ ವಿದ್ವಾಂಸನ ಕಣ್ಣಿಗೆ ಬಿತ್ತು. ನಾನು ಓದಿದ್ದು ಇಂಗ್ಲಿಷ್ ಅನುವಾದ.

ಯಾಕೆ ಬರೆದೆ ಎಂದು ಅವನು ಶುರುವಿನಲ್ಲೇ ಹೇಳುತ್ತಾನೆ. ಕೈಕೆಳಗಿನವರು ಹೇಳಿಕೊಟ್ಟ ಹಾಗೆ ಅಧಿಕಾರ ನಡೆಸುವುದಿದೆಯಲ್ಲ, ಮರ್ಯಾದಸ್ಥನಿಗೆ ಅದಕ್ಕಿಂತ ಅವಮಾನ ಇಲ್ಲ ಎಂಬುದು ಅವನ ಮಾತು. ಅನುಭವ ಇಲ್ಲದ ಅಧಿಕಾರಿಗೆ ಬೇರೆ ದಾರಿ ಇರುವುದಿಲ್ಲವಂತೆ. ಅದಕ್ಕೇ ಮೊದಲು ತನ್ನ ಉಪಯೋಗಕ್ಕೇ ಎಲ್ಲವನ್ನೂ ಒಂದು ಕಡೆ ಬರೆದುಕೊಂಡ. ಆಗ ರೋಮ್‌ಗೆ ಒಂಬತ್ತು ಮೇಲ್ಗಾಲುವೆಗಳಿದ್ದವು. ಮೊದಲನೆಯದು ಕ್ರಿ.ಪೂ. 312ರ ಅಪ್ಪಿಯಾ, ಕೊನೆಯ ಎರಡು ಕ್ರಿ.ಶ. 52ರಲ್ಲಿ ಮುಗಿದವು. ಅವಕ್ಕೆಲ್ಲ ನಕ್ಷೆ ಬರೆಸಿದ. ಎಲ್ಲಿ ಕಣಿವೆ ದಾಟುತ್ತದೆ, ಎಲ್ಲಿ ಹೊಳೆ ದಾಟುತ್ತದೆ, ಎಲ್ಲಿ ಪದೇಪದೇ ರಿಪೇರಿ ಬೇಕು ಎಂಬುದೆಲ್ಲ ಅದರಲ್ಲಿತ್ತು. ಆಮೇಲೆ ರಿಜಿಸ್ಟರ್ ತೆಗೆದ.

ಇಲ್ಲಿಂದ ಮುಂದಿನದನ್ನು ನೀವು ದಯವಿಟ್ಟು ನಿಧಾನವಾಗಿ ಓದಬೇಕು.

ರೋಮ್‌ನವರು ನೀರನ್ನು 'ಕ್ವಿನಾರಿಯ' ಎಂಬ ಪೈಪಿನ ಅಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ನಮ್ಮ ಒಂದಿಂಚು ಪೈಪಿಗಿಂತ ಒಂಚೂರು ಸಣ್ಣದು. ರಿಜಿಸ್ಟರ್ ಪ್ರಕಾರ ಒಳಗೆ ಬರುವ ನೀರು 12,755 ಕ್ವಿನಾರಿಯ. ಅದೇ ರಿಜಿಸ್ಟರ್ ಪ್ರಕಾರ ಹಂಚಿದ್ದು 14,018. ಬಂದದ್ದಕ್ಕಿಂತ ಹಂಚಿದ್ದೇ 1,263 ಜಾಸ್ತಿ! ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಥವಾ ಬಿದ್ದರೂ ಬೀಳದ ಹಾಗೆ ಇದ್ದರು. ಫ್ರಾಂಟಿನಸ್‌ಗೆ ಸಮಾಧಾನ ಆಗಲಿಲ್ಲ. ಕಾಲುವೆಗಳು ಶುರುವಾಗುವ ಕಡೆಗೇ ಅಳೆಯಲು ಹೊರಟ. ಅಲ್ಲಿ ನೋಡಿದರೆ ರಿಜಿಸ್ಟರ್‌ನಲ್ಲಿ ಇದ್ದದ್ದಕ್ಕಿಂತ ಸುಮಾರು 10,000 ಕ್ವಿನಾರಿಯ ಹೆಚ್ಚು ನೀರು ಹರಿಯುತ್ತಿತ್ತು. ನೀರಿಗೆ ಬರ ಇರಲಿಲ್ಲ. ಬರ ಇದ್ದದ್ದು ಕೊನೆಯ ನಲ್ಲಿಯಲ್ಲಿ.

ನಿಜ ಹೇಳಬೇಕೆಂದರೆ ಅವನ ಅಳತೆಯಲ್ಲೂ ಒಂದು ಕೊರತೆ ಇತ್ತು. ಬಾಯಿಯ ಅಗಲ ಅಳೆದನೇ ಹೊರತು ನೀರಿನ ವೇಗ ಅಳೆಯುವ ದಾರಿ ಅವನಿಗೆ ಇರಲಿಲ್ಲ. ಹಾಗಾಗಿ ಆ ಹತ್ತು ಸಾವಿರದಲ್ಲಿ ಎಷ್ಟು ಕಳ್ಳತನ, ಎಷ್ಟು ಲೆಕ್ಕದ ತಪ್ಪು ಎಂದು ಈಗ ಹೇಳುವುದು ಕಷ್ಟ. ಆದರೆ ಕಳ್ಳತನ ಹೇಗೆ ನಡೆಯುತ್ತಿತ್ತು ಎಂಬುದನ್ನು ಅವನು ಒಂದೊಂದಾಗಿ ಬಿಡಿಸಿಟ್ಟಿದ್ದಾನೆ. ಓದಿದಾಗ ಯಾರೋ ನಮ್ಮ ಊರಿನವರೇ ಬರೆದ ಹಾಗಿತ್ತು.

ಪ್ರತಿ ಕನೆಕ್ಷನ್‌ಗೆ ಒಂದು ಕಂಚಿನ ಮೂತಿ, ಅದಕ್ಕೆ ಸರ್ಕಾರಿ ಮುದ್ರೆ. ಅದು ಸರಿಯಾಗಿದ್ದರೆ ನೀರು ಲೆಕ್ಕದಷ್ಟೇ ಹೋಗುತ್ತದೆ. ಕೆಲವು ಕಡೆ ಮೂತಿಗೆ ಮುದ್ರೆಯೇ ಇರಲಿಲ್ಲ. ಕೆಲವು ಕಡೆ ಮುದ್ರೆ ಸರಿ, ಅದರ ಹಿಂದಿನ ಪೈಪು ಮಾತ್ರ ದಪ್ಪ. ಇನ್ನು ಕೆಲವು ಕಡೆ ಮೂತಿಯನ್ನು ತೊಟ್ಟಿಯಲ್ಲಿ ಕೆಳಗೆ ಕೂರಿಸಿದ್ದರು. ಕೆಳಗಿರುವವನಿಗೆ ಜಾಸ್ತಿ ನೀರು, ಮೇಲಿರುವವನಿಗೆ ಕಮ್ಮಿ. ಪೈಪಿನ ಅಳತೆಯಲ್ಲೇ ಆಟ ಇತ್ತು: ನೀರುಗಂಟಿಗಳು ತಾವು ನೀರು ತೆಗೆದುಕೊಳ್ಳುವ 100 ಮತ್ತು 120 ಎಂಬ ಅಳತೆಯ ಪೈಪುಗಳನ್ನು ಹಿಗ್ಗಿಸಿದ್ದರು, ಜನರಿಗೆ ಕೊಡುವ 20ರ ಪೈಪನ್ನು ಕುಗ್ಗಿಸಿದ್ದರು. ನಮ್ಮ ಸಂತೆಯಲ್ಲಿ ಕೊಳ್ಳುವ ಸೇರೇ ಬೇರೆ, ಮಾರುವ ಸೇರೇ ಬೇರೆ ಅನ್ನುತ್ತಾರಲ್ಲ, ಹಾಗೆ.

ನೀರಿನ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ತೊಟ್ಟಿಗೆ ಹೊಸ ತೂತು ಕೊರೆಯುತ್ತಿದ್ದರು. ಹಳೆಯ ತೂತನ್ನು ಮುಚ್ಚುತ್ತಿರಲಿಲ್ಲ. ಅದರ ನೀರು ನೀರುಗಂಟಿಗಳ ಸ್ವಂತ ವ್ಯಾಪಾರ. ಎಲ್ಲಕ್ಕಿಂತ ಮಜಾ ಅಂದರೆ, ಬೀದಿಯ ಚಪ್ಪಡಿ ಕಲ್ಲಿನ ಕೆಳಗೆ ಊರು ತುಂಬ ಕದ್ದ ಪೈಪುಗಳು. ದಾರಿಯುದ್ದದ ಅಂಗಡಿಗಳಿಗೆ ನೀರು ಕೊಡಲೆಂದೇ ಒಬ್ಬ ಇದ್ದ, ಅವನಿಗೆ 'ತೂತಿನವನು' ಅಂತಲೇ ಹೆಸರು. ಆ ಪೈಪುಗಳನ್ನೆಲ್ಲ ಕಿತ್ತಾಗ ಸಿಕ್ಕ ಸೀಸವೇ ಬೇಕಾದಷ್ಟಾಯಿತಂತೆ. ನಮ್ಮ ರಸ್ತೆಯ ಆ ಮೂರು ಪೈಪು ಪಿವಿಸಿಯವು, ಗುಜರಿಗೆ ಹಾಕಿದರೆ ಚಹಾದ ಕಾಸೂ ಹುಟ್ಟಲಿಕ್ಕಿಲ್ಲ.

ನೀರುಗಂಟಿಗಳ ಮೇಲೆ ಎಲ್ಲ ಹೊರಿಸಿ ಸುಮ್ಮನಾಗುವುದು ಸುಲಭ. ಫ್ರಾಂಟಿನಸ್ ಕೂಡ ಅವರ ಮೇಲೆ ಬಹಳ ಸಿಟ್ಟಾಗುತ್ತಾನೆ. ಇಲ್ಲಿ ನನಗೆ ಅವನ ಮೇಲೆ ತಕರಾರಿದೆ. ರೋಮ್‌ನ ಆ ನೀರುಗಂಟಿಗಳು, ಒಟ್ಟು 700 ಜನ, ಗುಲಾಮರು. ಕದ್ದ ನೀರು ಅವರ ಮನೆಗೆ ಹೋಗಲಿಲ್ಲ, ಹೋದದ್ದು ಅಂಗಡಿಗಳಿಗೆ, ತೋಟಗಳಿಗೆ. ಅವರನ್ನೇ ದೊಡ್ಡವರು ತಮ್ಮ ಮನೆ ಕೆಲಸಕ್ಕೆ ಎಳೆದುಕೊಳ್ಳುತ್ತಿದ್ದರು ಎಂದು ಅವನೇ ಬರೆದಿದ್ದಾನೆ. ಅದನ್ನು ತಡೆಯಲು ಅವನು ಮಾಡಿದ ಉಪಾಯ ತೀರಾ ಸರಳ. ನಾಳೆ ಯಾವ ತಂಡ ಎಲ್ಲಿ, ಏನು ಕೆಲಸ ಎಂದು ಹಿಂದಿನ ದಿನವೇ ಬರೆದು ಕೊಡುವುದು, ದಿನದ ಕೊನೆಗೆ ಏನು ಆಯಿತು ಎಂದು ಬರೆಸುವುದು. ಅಷ್ಟೇ. ನಮ್ಮ ವಾಲ್ವ್ ತಿರುಗಿಸುವ ಹುಡುಗನ ಕೈಯಲ್ಲಿ ಅಂಥ ಒಂದು ಚೀಟಿ ಇದ್ದಿದ್ದರೆ, ಮೇಲಿನ ಬೀದಿಯ ಯಾರೋ ಗದರಿಸಿದಾಗ ತೋರಿಸಲು ಅವನಿಗೂ ಒಂದು ಆಸರೆ ಆಗುತ್ತಿತ್ತು, ಅಲ್ವಾ?

ದಂಡದ ಮಾತಿಗೆ ಬಂದರೆ, ಕ್ರಿ.ಪೂ. 9ರ ಕಾನೂನಿನಲ್ಲಿ ಕಾಲುವೆಗೆ ಬೇಕೆಂದೇ ತೂತು ಕೊರೆದವನಿಗೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ದಂಡ. ಆಗಿನ ಕಾಲಾಳಿನ ವರ್ಷದ ಸಂಬಳ 900. ಅಂಥ ಕಾನೂನು ಇದ್ದು ನೂರು ವರ್ಷ ಕಳೆದ ಮೇಲೂ ಫ್ರಾಂಟಿನಸ್‌ಗೆ ಊರು ತುಂಬ ತೂತುಗಳು ಸಿಕ್ಕವು. ಅಥೆನ್ಸ್‌ನಲ್ಲಿ ಥೆಮಿಸ್ಟೋಕ್ಲಿಸ್ ನೀರಿನ ಅಧಿಕಾರಿಯಾಗಿದ್ದಾಗ ಬೇರೆ ದಾರಿ ಹಿಡಿದಿದ್ದ. ನೀರು ಕದ್ದವರಿಂದ ವಸೂಲಿ ಮಾಡಿದ ದಂಡದ ಹಣದಲ್ಲಿ ನೀರು ಹೊತ್ತ ಹುಡುಗಿಯ ಕಂಚಿನ ಬೊಂಬೆ ಮಾಡಿಸಿ ದೇವರಿಗೆ ಒಪ್ಪಿಸಿದ, ಎರಡು ಮೊಳ ಎತ್ತರದ್ದು. ಈ ಕತೆ ಹೇಳಿದವನು ಗ್ರೀಕ್ ಲೇಖಕ ಪ್ಲುಟಾರ್ಕ್. ನಮ್ಮ ಬಸ್ ಸ್ಟ್ಯಾಂಡ್ ಎದುರು ಅಂಥದ್ದೊಂದು ನಿಂತರೆ ಬೇಡ ಅನ್ನಲಾರೆ. ಆದರೆ ಮೊದಲು ನೀರು.

ಇನ್ನೊಂದು ಸಣ್ಣ ವಿಷಯ. ಬೇಸಿಗೆಯಲ್ಲಿ ರಿಪೇರಿಗೆಂದು ನೀರು ನಿಲ್ಲಿಸಬಾರದು, ಮುಂಚೆಯೇ ಸಾಮಾನು ಸಿದ್ಧ ಮಾಡಿಕೊಂಡು ಒಂದು ಸಲಕ್ಕೆ ಒಂದೇ ಕಾಲುವೆ ನಿಲ್ಲಿಸಬೇಕು ಎಂದೂ ಫ್ರಾಂಟಿನಸ್ ಬರೆದಿದ್ದಾನೆ. ಹೋದ ಏಪ್ರಿಲ್‌ನಲ್ಲಿ ಇಲ್ಲಿ ಏನಾಯಿತು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಯೋಜನೆ, ಹೊಸ ಟ್ಯಾಂಕು ಈಗಲೇ ಬೇಡ. ಟ್ಯಾಂಕಿಗೆ ಎಷ್ಟು ನೀರು ಏರುತ್ತದೆ, ಬಿಲ್ಲು ಕಟ್ಟುವ ಮನೆಗಳಿಗೆ ಎಷ್ಟು ಇಳಿಯುತ್ತದೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ ಕಚೇರಿ ಗೋಡೆಗೆ ಅಂಟಿಸಿ. ಟ್ಯಾಂಕಿನಿಂದ ನಮ್ಮ ಬೀದಿವರೆಗೆ ಒಮ್ಮೆ ನಡೆದುಕೊಂಡು ಬನ್ನಿ, ಜೀಪು ಬೇಡ. ನಕ್ಷೆ ಇದ್ದರೆ ತನ್ನಿ, ಇಲ್ಲದಿದ್ದರೆ ಬರೆಯುತ್ತಾ ಬನ್ನಿ. ಆ ಮೂರು ಪೈಪು ಎಲ್ಲಿವೆ ಎಂದು ನಾನು ತೋರಿಸುತ್ತೇನೆ. ಮುಚ್ಚಿದ ದಿನವೇ ಕಾಂಪೌಂಡ್ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ.

ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಬಂದರೆ ಒಳ್ಳೆಯದು. ಬರುವಾಗ ಟಾರ್ಚ್ ಇರಲಿ, ನಮ್ಮ ಬೀದಿಯ ದೀಪ ಕೆಟ್ಟಿದೆ, ಅದರ ಅರ್ಜಿ ಬೇರೆ ಇದೆ. ಕಾಫಿ ನಮ್ಮ ಮನೆಯಲ್ಲಿ. ಅದಕ್ಕೆ ಬೇಕಾದ ನೀರನ್ನು ಬುಧವಾರವೇ ಎತ್ತಿಟ್ಟಿರುತ್ತೇವೆ.

ಇಂತಿ,
ಕೊನೆಯ ಬೀದಿಯ ಒಬ್ಬ ನಿವಾಸಿ